ಏಟು ತಿಂದವರ ಮಾತು

ಸೂಜಿಗೆ ಸೂಜಿ ಅಂತ ಹೆಸರಿಟ್ಟವರು ಬಡಗಿ ಮೇಷ್ಟ್ರು, ಅದೂ ಅವಳನ್ನು ಕಂಡ ಕಾಲು ಗಂಟೆಯೊಳಗೆ. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ತೇಪೆ ಹಾಕಿದ ಎರಡು ಪ್ಯಾಂಟುಗಳನ್ನು ಮೇಷ್ಟ್ರಿಗೆ ತಲುಪಿಸಿ ಬಾ ಅಂತ ಅಂಗಡಿಯ ಯಜಮಾನಿ ಕಳಿಸಿದ್ದರು. ಕೆಳಗೆ ಮೇಷ್ಟ್ರ ಮರಗೆಲಸದ ಅಂಗಡಿ, ಅದರ ಮೇಲೆ ಒಂದು ಉದ್ದನೆಯ ಕೋಣೆ. ಮೆಟ್ಟಿಲು ಹತ್ತಿ ಬಂದವಳು ಪ್ಯಾಂಟು ಕೊಟ್ಟಳು, ವಾಪಸು ಹೋಗಲಿಲ್ಲ. ಏಳೆಂಟು ಜನ ಎದೆಯೆತ್ತರದ ಕೋಲು ಹಿಡಿದು ಎದುರುಬದುರು ನಿಂತು ಹೊಡೆಯುತ್ತ, ತಡೆಯುತ್ತ ಇದ್ದರು. ಇವಳು ಬಾಗಿಲ ಚೌಕಟ್ಟಿಗೆ ಒರಗಿ ಕಣ್ಣು ಮಿಟುಕಿಸದೆ ನೋಡುತ್ತ ನಿಂತುಬಿಟ್ಟಳು.

"ಬಟ್ಟೆ ಕೊಟ್ಟಾಯ್ತಲ್ಲಮ್ಮಾ?" ಅಂದರು ಮೇಷ್ಟ್ರು.

"ಆಯ್ತು."

"ಮತ್ತೆ?"

"ಆ ನೀಲಿ ಅಂಗಿಯವರು ಪ್ರತಿ ಸಲ ಹೊಡೆಯೋಕೆ ಮುಂಚೆ ಬಲಭುಜ ಒಂದು ಬೆರಳಷ್ಟು ಮೇಲೆತ್ತುತ್ತಾರೆ. ಅವರಿಗೆ ಯಾರೂ ಹೇಳಿಲ್ವಾ?"

ನೀಲಿ ಅಂಗಿಯವನು ಮೂರು ವರ್ಷದಿಂದ ಕಲಿಯುತ್ತಿದ್ದವನು. ಅವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಳತೆ ತಗೊಳ್ಳೋ ಕಣ್ಣು ಕಣ್ರೋ ಇದು! ಬಂದ ಗಳಿಗೇಲೇ ಚುಚ್ಚಿಬಿಟ್ಟಳು ನೋಡಿ. ನಾಳೆ ಆರು ಗಂಟೆಗೆ ಬಾರಮ್ಮ ಸೂಜಿ."

ಮರುದಿನ ಅವಳು ಆರಕ್ಕೆ ಹತ್ತು ನಿಮಿಷ ಮುಂಚೆ ಬಂದಳು. ಆಮೇಲೆ ಮೂವತ್ತೊಂಬತ್ತು ವರ್ಷ ಬಂದಳು. ಎರಡು ಬಾಣಂತನ, ಒಂದು ಕೆಟ್ಟ ಜ್ವರ, ಇಷ್ಟು ಬಿಟ್ಟರೆ ಒಂದು ಬೆಳಗೂ ತಪ್ಪಿಸಿದವಳಲ್ಲ. ಇದನ್ನು ಶ್ರದ್ಧೆ ಅನ್ನುವಿರೋ ಹುಚ್ಚು ಅನ್ನುವಿರೋ ನಿಮಗೆ ಬಿಟ್ಟದ್ದು. ಹತ್ತು ದಿನ ವ್ಯಾಯಾಮ ಮಾಡಿ ಹನ್ನೊಂದನೇ ದಿನ ಸೊಂಟ ಹಿಡಿದುಕೊಂಡು ಮಲಗುವ ನಮ್ಮಂಥವರು ಅವಳ ಬಗ್ಗೆ ಮಾತಾಡುವಾಗ ಸ್ವಲ್ಪ ನಾಲಗೆ ಬಿಗಿಹಿಡಿದಿರಬೇಕು.

ಮೊದಲ ವರ್ಷ ಅವಳ ಕೈಗೆ ಕೋಲು ಸಿಗಲೇ ಇಲ್ಲ. ನಿಲ್ಲುವುದು, ನಡೆಯುವುದು, ತಿರುಗುವುದು, ಅಷ್ಟೇ. "ನಿಂತ್ಕೊಳ್ಳೋಕೆ ಬರದವರ ಕೈಗೆ ಕೋಲು ಕೊಟ್ಟರೆ ಅದು ಊರುಗೋಲು" ಅನ್ನುತ್ತಿದ್ದರು ಮೇಷ್ಟ್ರು. ಎರಡನೇ ವರ್ಷ ಕೋಲು ಬಂತು, ಅಂಗೈ ತುಂಬ ಬೊಕ್ಕೆ ಬಂತು, ಬೊಕ್ಕೆ ಒಡೆದ ಕೈಯಲ್ಲೇ ಹಗಲೆಲ್ಲ ಕಾಜಾ ಹೊಲಿದಳು. ಮದುವೆಯಾಯಿತು. ಗಂಡ ಬಸ್ಸಿನ ಡ್ರೈವರು, ಬಲು ತಮಾಷೆಯ ಮನುಷ್ಯ. ಯಾರಾದರೂ ಕೇಳಿದರೆ "ನಾನು ಇವಳಿಗೆ ಎರಡನೇ ಗಂಡ ಸ್ವಾಮಿ, ಮೊದಲನೆಯವನು ಮೂಲೇಲಿ ನಿಂತಿದ್ದಾನೆ ನೋಡಿ" ಅಂತ ಕೋಲಿನ ಕಡೆ ಕೈ ತೋರಿಸುತ್ತಿದ್ದ. ಸ್ವಂತ ಅಂಗಡಿ ಹಾಕಿದಳು. ಹೊಲಿಗೆಯವರಿಗೆ ಬರುವ ಕತ್ತುನೋವು ಅವಳಿಗೂ ಬಂತು. ಕತ್ತು ತಿರುಗದಿದ್ದರೆ ಇಡೀ ಮೈ ತಿರುಗಿಸಿ ಹೊಡೆಯುವುದನ್ನು ಕಲಿತಳು. ಒಂದು ನಡೆಯನ್ನು ಸರಿಮಾಡಿಕೊಳ್ಳುವುದಕ್ಕೆ ಏಳು ವರ್ಷ ಹಿಡಿಯಿತು. ಏಳು ವರ್ಷ ಆದಮೇಲೆ ಮೇಷ್ಟ್ರು "ಹ್ಞೂಂ" ಅಂದರು. ಆ ಒಂದು ಹ್ಞೂಂಗೆ ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳಂತೆ.

ಈಗ ಆ ಕೋಣೆಯ ಕಾನೂನು ಕೇಳಿ, ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಅಲ್ಲಿ ತೀರ್ಪುಗಾರರು ಅಂತ ಯಾರೂ ಇಲ್ಲ. ಏಟು ತಿಂದವರೇ ಗಟ್ಟಿಯಾಗಿ "ತಗುಲ್ತು" ಅನ್ನಬೇಕು. ಹೊಡೆದವರು ಬಾಯಿ ಬಿಡುವಂತಿಲ್ಲ, ನೋಡಿದವರು ಉಸಿರೆತ್ತುವಂತಿಲ್ಲ. ಏಟು ಬಿತ್ತೋ ಇಲ್ಲವೋ ಅನ್ನುವುದು ತಿಂದವರ ಮಾತು, ಅವರದೇ ಕೊನೆಯ ಮಾತು. ಈ ಕಾನೂನನ್ನು ಮೇಷ್ಟ್ರಷ್ಟು ಪಾಲಿಸಿದವರು ಇನ್ನೊಬ್ಬರಿರಲಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಅವರು ಶಿಷ್ಯರಿಗೆ ಬೇಕೆಂದೇ ದಾರಿ ಬಿಟ್ಟುಕೊಡುತ್ತಿದ್ದರು. ಯಾರ ಕೋಲಾದರೂ ತೋಳಿನ ಬಟ್ಟೆಗೆ ಸವರಿಕೊಂಡು ಹೋದರೂ ಸಾಕು, "ತಗುಲ್ತು! ಭೇಷ್!" ಅಂತ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಸೋತದ್ದನ್ನು ಅಷ್ಟು ಸಂತೋಷದಿಂದ ಸಾರುವ ಮನುಷ್ಯನನ್ನು ಸೂಜಿ ಬೇರೆಲ್ಲೂ ಕಂಡಿರಲಿಲ್ಲ. ಅವಳು ಅವರನ್ನು ಮೆಚ್ಚಿದ್ದು ಅವರ ಕೋಲಿಗಿಂತ ಹೆಚ್ಚಾಗಿ ಈ ಒಂದು ಮಾತಿಗೆ.

ಮೇಷ್ಟ್ರ ನಂತರ ಆ ಕೋಣೆಯಲ್ಲಿ ಯಾರು ಕಲಿಸಬೇಕು ಅನ್ನುವುದಕ್ಕೂ ಒಂದು ಪರೀಕ್ಷೆಯಿತ್ತು. ಒಬ್ಬರು ನೂರು ಎಣಿಸಿ ಮುಗಿಸುವುದರೊಳಗೆ ಮೇಷ್ಟ್ರಿಗೆ ಒಂದು ಏಟು ತಗುಲಿಸಬೇಕು. ಆಗ ಅವರು ದಾರಿ ಬಿಡುವುದಿಲ್ಲ, ಕರುಣೆ ತೋರಿಸುವುದಿಲ್ಲ. ಒಬ್ಬರಿಗೆ ಜೀವಮಾನದಲ್ಲಿ ಮೂರೇ ಅವಕಾಶ. ಯಾರೂ ಗೆಲ್ಲದಿದ್ದರೆ ಮೇಷ್ಟ್ರ ಜೊತೆಗೆ ಆ ವಿದ್ಯೆಯೂ ಮುಗಿಯಿತು, ಕೋಣೆಗೆ ಬೀಗ. ಸೂಜಿ ಮೂವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ನಿಂತಳು. ಹನ್ನೆರಡು ಎಣಿಸುವಷ್ಟರಲ್ಲಿ ಅವಳ ಕೋಲು ಕಿಟಕಿಯಾಚೆ ಬೀದಿಯಲ್ಲಿ ಬಿದ್ದಿತ್ತು. ನಲವತ್ತೇಳರಲ್ಲಿ ಎರಡನೇ ಸಲ ನಿಂತಳು. ನೂರೂ ಎಣಿಸಿ ಮುಗಿಯಿತು, ಇಬ್ಬರಿಗೂ ಏನೂ ತಗುಲಿರಲಿಲ್ಲ. ಈಗ ಅವಳಿಗೆ ಐವತ್ತೆಂಟು, ಮೇಷ್ಟ್ರಿಗೆ ಎಂಬತ್ನಾಲ್ಕು. ಉಳಿದದ್ದು ಒಂದೇ ಅವಕಾಶ. ಅವಳ ಹಿಂದೆ ನಿಲ್ಲಬಲ್ಲವರು ಇನ್ನೂ ಯಾರೂ ತಯಾರಾಗಿರಲಿಲ್ಲ. ಆಮೇಲಿನವನು ಪೋಸ್ಟ್‌ಮ್ಯಾನ್, ಒಳ್ಳೆಯ ಆಳು, ಆದರೆ ಮೂಗಿನ ತುದಿಯಲ್ಲೇ ಕೋಪ. ಅವನು ಪಕ್ವವಾಗುವುದಕ್ಕೆ ಇನ್ನೂ ಹದಿನೈದು ವರ್ಷ ಬೇಕು ಅಂತ ಮೇಷ್ಟ್ರೇ ಹೇಳಿದ್ದರು.

ಆದರೆ ಎರಡು ವರ್ಷದ ಹಿಂದೆ ಒಂದು ಸಂಗತಿ ನಡೆದಿತ್ತು. ಅದು ಸೂಜಿಯೊಬ್ಬಳಿಗೇ ಗೊತ್ತು.

ಒಂದು ದಿನ ಅಭ್ಯಾಸದಲ್ಲಿ ಅವಳ ಕೋಲು ಮೇಷ್ಟ್ರ ಎಡ ಮುಂಗೈಗೆ ತಗುಲಿತು. ಸವರಿದ್ದಲ್ಲ, ಬಾಸುಂಡೆ ಏಳುವಷ್ಟು ಜೋರಲ್ಲದಿದ್ದರೂ ಸರಿಯಾಗೇ ಬಿತ್ತು. ಅವಳು ಒಂದು ಕ್ಷಣ ತಡೆದಳು, ಕೂಗು ಬರಲಿ ಅಂತ. ಮೇಷ್ಟ್ರು ಏನೂ ಆಗದವರ ಹಾಗೆ ಮುಂದಿನ ಏಟಿಗೆ ಕೋಲೆತ್ತಿದರು. ಮರೆತಿರಬೇಕು ಅಂದುಕೊಂಡಳು. ನಾಲ್ಕು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಒಂದು ತಿಂಗಳಲ್ಲಿ ಹತ್ತು ಸಲ. ಹತ್ತು ಸಲವೂ ಮೇಷ್ಟ್ರ ಬಾಯಿಂದ ಒಂದು ಅಕ್ಷರ ಇಲ್ಲ. ಮುದುಕರಾದರು, ಸೋಲು ಅರಗುತ್ತಿಲ್ಲ ಅಂತ ಅವಳು ಒಳಗೊಳಗೇ ಕುದ್ದಳು. ಮನೆಯಲ್ಲಿ ಊಟ ಸೇರಲಿಲ್ಲ. ಗಿರಾಕಿಯೊಬ್ಬರ ಅಂಗಿಗೆ ಎರಡೂ ಎಡತೋಳೇ ಹೊಲಿದುಬಿಟ್ಟಳು. ಮೂವತ್ತೇಳು ವರ್ಷ ಯಾರ ಮಾತನ್ನು ಕಣ್ಣು ಮುಚ್ಚಿ ನಂಬಿದ್ದಳೋ ಅವರೇ ಹೀಗೆ ಮಾಡಿದರೆ ಯಾರಿಗೆ ತಾನೇ ಗಂಟಲಲ್ಲಿ ಅನ್ನ ಇಳಿದೀತು?

ಆಮೇಲೊಂದು ಬೆಳಿಗ್ಗೆ ಮೇಷ್ಟ್ರು ಕೆಳಗೆ ಹಲಗೆ ಎತ್ತಿಟ್ಟು ಹಾಗೇ ಮೇಲೆ ಬಂದರು. ಎಡ ಮುಂಗೈಯಲ್ಲಿ ಬೆರಳುದ್ದದ ಮರದ ಸಿಬಿರು ನಾಟಿಕೊಂಡಿತ್ತು. ಮಣಿಕಟ್ಟಿನವರೆಗೂ ರಕ್ತ ಇಳಿದಿತ್ತು.

"ಮೇಷ್ಟ್ರೇ, ರಕ್ತ!"

"ಎಲ್ಲಿ?" ಅಂತ ಅವರು ಬಲಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಸೂಜಿ ಸಿಬಿರು ಕಿತ್ತು, ಬಟ್ಟೆ ಸುತ್ತಿದಳು. ಅಷ್ಟು ಆಳಕ್ಕೆ ಹೋದದ್ದನ್ನು ಕೀಳುವಾಗಲೂ ಅವರು ಗೋಡೆ ಮೇಲಿನ ಗಡಿಯಾರ ಸರಿ ಇಲ್ಲ ಅಂತ ಮಾತಾಡುತ್ತಿದ್ದರು. "ಸ್ವಲ್ಪ ಜೋಮು ಹಿಡೀತದೆ ಆ ಕೈ, ವಯಸ್ಸಲ್ವಾ" ಅಂದರು, ಅಷ್ಟೇ. ಆ ಮನುಷ್ಯ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಕೈಗೆ ಸ್ಪರ್ಶವೇ ಹೋಗಿದೆ, ಅದು ಎಷ್ಟು ಹೋಗಿದೆ ಅನ್ನುವುದು ಅವರಿಗೇ ಗೊತ್ತಿಲ್ಲ. ಹೊಡೆಯುವಾಗ ಎದುರಾಳಿಯ ಕಣ್ಣು ಬಿಟ್ಟು ಬೇರೆಲ್ಲೂ ನೋಡಬಾರದು ಅಂತ ಕಲಿಸಿದವರು, ತಮ್ಮ ತೋಳನ್ನು ಯಾಕೆ ನೋಡಿಕೊಳ್ಳುತ್ತಾರೆ? ಇಂಥವರನ್ನು ತಾನು ಒಂದು ತಿಂಗಳು ಮನಸ್ಸಿನಲ್ಲೇ ಕಳ್ಳ ಅಂದೆನಲ್ಲ ಅಂತ ಸೂಜಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದ ಹಾಗಾಯಿತು.

ಅಂದಿನಿಂದ ಅವಳು ಅವರ ಎಡಗೈ ಕಡೆ ಹೊಡೆಯುವುದನ್ನೇ ಬಿಟ್ಟಳು. ಮಿಕ್ಕವರ ಕೋಲು ಮೊದಲೇ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಮೇಷ್ಟ್ರಂಥವರ ಎದುರು ಅರ್ಧ ಮೈ ಬಿಟ್ಟು ಆಡುವುದೆಂದರೆ ಹುಡುಗಾಟವಲ್ಲ. ಎಡಕ್ಕೆ ಹೋಗುವ ಕೋಲನ್ನು ನಡುದಾರಿಯಲ್ಲಿ ಬಲಕ್ಕೆ ತಿರುಗಿಸುವುದನ್ನು ಅವಳು ಹೊಸದಾಗಿ ಕಲಿತಳು, ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅಳತೆಕಡ್ಡಿ ಹಿಡಿದುಕೊಂಡು ನೂರಿನ್ನೂರು ಸಲ. ಅದೇ ಒಂದು ಹೊಸ ವಿದ್ಯೆಯಾಯಿತು.

ಮೂರನೇ ಪರೀಕ್ಷೆಯ ಬೆಳಿಗ್ಗೆ ಕೋಣೆ ತುಂಬಿತ್ತು. ಗೋಡೆಗೆ ಒರಗಿ ಇಪ್ಪತ್ತು ಜನ ಶಿಷ್ಯರು. ಎಣಿಸುವವನು ಪೋಸ್ಟ್‌ಮ್ಯಾನ್. "ಒಂದು" ಅಂದ ಕೂಡಲೇ ಮೇಷ್ಟ್ರು ಬಂದರು ನೋಡಿ, ಎಂಬತ್ನಾಲ್ಕು ಅಂತ ಯಾರು ಹೇಳಬೇಕು! ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ದಮ್ಮು ತೆಗೆದುಕೊಳ್ಳುವ ಮನುಷ್ಯ ಕೋಲು ಹಿಡಿದ ಮೇಲೆ ಒಂದೇ ಒಂದು ಹೆಜ್ಜೆಯನ್ನೂ ದಂಡ ಮಾಡಲಿಲ್ಲ. ಸೂಜಿ ಎರಡು ಹೆಜ್ಜೆ ಇಡುವಲ್ಲಿ ಅವರು ಅರ್ಧ ಇಟ್ಟರು. ಅವಳ ಕೋಲು ಎಲ್ಲಿಗೆ ಬರುತ್ತದೋ ಅಲ್ಲಿ ಅವರದು ಮೊದಲೇ ಬಂದು ಕೂತಿರುತ್ತಿತ್ತು. ಅವಳೂ ಬಿಡಲಿಲ್ಲ. ಇಪ್ಪತ್ತಾಯಿತು, ಐವತ್ತಾಯಿತು, ಎಪ್ಪತ್ತಾಯಿತು. ಕೋಣೆಯಲ್ಲಿ ಎಣಿಕೆ, ಉಸಿರು, ಮರಕ್ಕೆ ಮರ ತಾಗುವ ಸದ್ದು ಬಿಟ್ಟರೆ ಬೇರೇನಿಲ್ಲ.

ಎಂಬತ್ತೊಂಬತ್ತಕ್ಕೆ ಮೇಷ್ಟ್ರು ಅವಳ ತಲೆಗೆ ಅಂತ ಎತ್ತಿ ಸೊಂಟಕ್ಕೆ ಇಳಿಸಿದರು. ಅಂಥ ಏಟನ್ನು ಅವಳು ಹಿಂದೆ ಕಂಡಿರಲಿಲ್ಲ. ಯೋಚಿಸುವುದಕ್ಕೆ ಹೊತ್ತೇ ಇರಲಿಲ್ಲ. ಅವಳ ಮೈ ತಾನಾಗಿ ಒಳಗೆ ಸರಿಯಿತು, ಕೋಲು ತಾನಾಗಿ ತೆರೆದ ಜಾಗ ಹುಡುಕಿತು. ಮೂವತ್ತೊಂಬತ್ತು ವರ್ಷದ ಅಭ್ಯಾಸದ ಮುಂದೆ ಎರಡು ವರ್ಷದ ಅಭ್ಯಾಸ ಎಲ್ಲಿ ನಿಂತೀತು? ಕೋಲು ಹೋಗಿ ಬಿದ್ದದ್ದು ಮೇಷ್ಟ್ರ ಎಡ ಮುಂಗೈ ಮೇಲೆ. ಕೋಲುಗಳ ಸದ್ದಿನಲ್ಲಿ ಆ ಸದ್ದು ಮುಚ್ಚಿಹೋಯಿತು, ಆದರೆ ಗೋಡೆಗೆ ಒರಗಿದವರೆಲ್ಲ ಕಂಡರು.

ಮೇಷ್ಟ್ರು ಆಡುತ್ತಲೇ ಇದ್ದರು.

ಪೋಸ್ಟ್‌ಮ್ಯಾನ್‌ಗೆ ಎಣಿಕೆ ಗಂಟಲಲ್ಲೇ ಸಿಕ್ಕಿಕೊಂಡಿತು. ಅವನು ಅರ್ಧ ಎದ್ದ. ಸೂಜಿ ಅವನ ಕಡೆ ಒಂದು ನೋಟ ಬೀರಿದಳು. ಆ ನೋಟಕ್ಕೆ ಅವನು ಕುಸಿದು ಕೂತು "ತೊಂಬತ್ತು" ಅಂದ. ಅಲ್ಲಿಂದ ಮುಂದಿನ ಹತ್ತು ಎಣಿಕೆಯಲ್ಲಿ ಅವಳು ಬರೀ ತಡೆದಳು, ಹೊಡೆಯಲಿಲ್ಲ. ನೂರಾಯಿತು. ಮೇಷ್ಟ್ರು ಕೋಲು ಕೆಳಗಿಳಿಸಿ ಬೆವರು ಒರೆಸಿಕೊಂಡರು.

"ತಗುಲಲಿಲ್ಲ" ಅಂದರು. ಅವರ ದನಿ ಒಡೆದಿತ್ತು. ತಮ್ಮ ಜೊತೆಗೇ ಎಲ್ಲ ಮುಗಿಯಿತು ಅನ್ನುವುದು ಅವರಿಗೆ ಗೊತ್ತಿತ್ತಲ್ಲ. "ಕೊನೇಲಿ ಯಾಕಮ್ಮಾ ಕೈ ಕಟ್ಟಿಬಿಟ್ಟೆ? ಇನ್ನೂ ಹತ್ತಿತ್ತು."

"ಆಗಲಿಲ್ಲ ಮೇಷ್ಟ್ರೇ" ಅಂದಳು ಸೂಜಿ.

ಬೀದಿಗಿಳಿದ ಮೇಲೆ ಪೋಸ್ಟ್‌ಮ್ಯಾನ್ ಅವಳನ್ನು ಅಡ್ಡಗಟ್ಟಿದ. "ಅಕ್ಕಾ, ನಾನು ಕಣ್ಣಾರೆ ನೋಡಿದ್ದೀನಿ! ಇಪ್ಪತ್ತು ಜನ ನೋಡಿದ್ದಾರೆ! ಬಾಯಿಬಿಟ್ಟು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೇಳೋದು ನಮ್ಮ ಕೆಲಸ ಅಲ್ಲ."

"ಹಾಗಾದ್ರೆ ಅವರು ಸುಳ್ಳು..."

"ಆ ಮಾತು ಬಾಯಲ್ಲಿ ಬಂದ್ರೆ ಹಲ್ಲು ಉದುರಿಸಿಬಿಡ್ತೀನಿ ನೋಡು!" ಅಂದಳು. ಅವಳು ಜೋರು ಮಾಡಿದ್ದನ್ನು ಅವನು ಅದೇ ಮೊದಲು ಕಂಡದ್ದು. "ಅವರಿಗೆ ಆ ಕೈಲಿ ಸ್ಪರ್ಶ ಇಲ್ಲ. ಗೊತ್ತಿದ್ದೂ ಅಲ್ಲೇ ಹೊಡೆದೆ. ಕಣ್ಣು ಕಾಣದವರ ಮನೇಲಿ ಕದ್ದ ಹಾಗೆ ಅದು. ಅಂಥ ಗೆಲುವು ನನಗೆ ಬೇಡ, ನಡಿ."

ಮನೆಯಲ್ಲಿ ಗಂಡನ ತಮಾಷೆಗೂ ಅವತ್ತು ರಜೆ. ಅವನು ಚಹಾ ಮಾಡಿ ತಂದು ಮುಂದಿಟ್ಟ. ಅವಳು ಲೋಟ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಅವಳಿಗೆ ಹೊಟ್ಟೆ ಉರಿದದ್ದು ತನಗೆ ಮೇಷ್ಟ್ರ ಜಾಗ ತಪ್ಪಿತು ಅಂತಲ್ಲ. ಏಳು ವರ್ಷ ತಿದ್ದಿ ಸರಿಮಾಡಿಕೊಂಡ ಆ ನಡೆ ಇನ್ನು ಯಾರ ಮೈಯಲ್ಲೂ ಇರುವುದಿಲ್ಲವಲ್ಲ ಅಂತ.

ಮರುದಿನ ಹನ್ನೊಂದು ಗಂಟೆಯ ಹೊತ್ತಿಗೆ ಅವಳು ಅಂಗಡಿಯಲ್ಲಿ ಔಷಧಿ ಅಂಗಡಿಯವರ ಸೊಂಟದ ಅಳತೆ ತೆಗೆದುಕೊಳ್ಳುತ್ತಿದ್ದಳು. ಅವರು ಹೊಟ್ಟೆಯನ್ನು ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ಮೂರು ಅಂಗುಲ ಸುಳ್ಳು ಹೇಳುವ ಪ್ರಯತ್ನದಲ್ಲಿದ್ದರು. ಆಗ ಮೇಷ್ಟ್ರು ಒಳಗೆ ಬಂದರು. ಅವರು ಅವಳ ಅಂಗಡಿಗೆ ಕಾಲಿಟ್ಟದ್ದು ಅದೇ ಮೊದಲು. ಮುಖ ಕೆಂಡವಾಗಿತ್ತು. ಎಡತೋಳಿನ ಬಟ್ಟೆ ಮೇಲೆ ಸರಿಸಿ ಮುಂಗೈಯನ್ನು ಅವಳ ಮುಂದೆ ಹಿಡಿದರು. ಅಡ್ಡಕ್ಕೆ ಕೋಲಿನಗಲ ನೀಲಿ ಬಾಸುಂಡೆ.

"ಸ್ನಾನದ ಹೊತ್ತಲ್ಲಿ ಮನೆಯವಳು ನೋಡಿದಳು. ಇದೇನ್ರೀ ಅಂದಳು. ಯಾರದಿದು?"

ಸೂಜಿ ತಲೆ ತಗ್ಗಿಸಿದಳು.

"ಯಾರದು ಅಂದೆ!"

"ನಂದೇ ಮೇಷ್ಟ್ರೇ."

"ನನಗೆ ಈ ಕೈಲಿ ಗೊತ್ತಾಗಲ್ಲ ಅಂತ ನಿನಗೆ ಯಾವಾಗಿಂದ ಗೊತ್ತು?"

"ಎರಡು ವರ್ಷದಿಂದ."

"ಎರಡು ವರ್ಷ!" ಮೇಷ್ಟ್ರು ಕತ್ತರಿಸುವ ಮೇಜಿನ ಮೇಲೆ ಗುದ್ದಿದ ರಭಸಕ್ಕೆ ಗುಂಡಿಗಳ ಡಬ್ಬಿ ಉರುಳಿತು. "ಬೆಳಿಗ್ಗೆಯಿಂದ ಕೂತು ನೆನಪು ಮಾಡ್ಕೊಂಡೆ. ಎರಡು ವರ್ಷದಲ್ಲಿ ಈ ಕಡೆ ಒಂದು ಏಟು ಹಾಕಿಲ್ಲ ನೀನು! ನನ್ನನ್ನ ಏನಂದ್ಕೊಂಡೆ? ಗಾಜಿನ ಲೋಟವಾ? ಕನಿಕರಾನಾ ನನ್ನ ಮೇಲೆ?"

"ಭಯ ಮೇಷ್ಟ್ರೇ" ಅಂದಳು ಸೂಜಿ. ಅವಳಿಗೂ ಈಗ ತಡೆಯಲಿಲ್ಲ. "ನೋಡಿದವರು ನಿಮ್ಮನ್ನ ಸುಳ್ಳುಗಾರ ಅಂದ್ಬಿಟ್ರೆ ಅಂತ ಭಯ. ಯಾಕಂದ್ರೆ ನಾನೇ ಅಂದ್ಕೊಂಡಿದ್ದೆ. ಗೊತ್ತಾಗೋಕೆ ಮುಂಚೆ ಒಂದು ತಿಂಗಳು ಹಾಗೇ ಅಂದ್ಕೊಂಡಿದ್ದೆ. ನನ್ನಂಥ ಪಾಪಿ ಇನ್ನೊಬ್ಬಳಿಲ್ಲ. ನಿಮ್ಮ ಮೇಲೆ ನನಗೆ ಎಷ್ಟು ಪ್ರೀತಿ ಅಂತ ನಿಮಗೆ ಹೇಗೆ ಹೇಳಲಿ?"

ಮೇಷ್ಟ್ರ ಕೋಪ ಹಾಗೇ ಇಳಿದುಹೋಯಿತು. ಅವರು ಬಾಸುಂಡೆಯ ಮೇಲೆ ಬಲಗೈ ಬೆರಳು ಆಡಿಸಿದರು, ಬೇರೆಯವರ ಕೈ ಮುಟ್ಟಿ ನೋಡುವ ಹಾಗೆ. ಆಮೇಲೆ ಕೇಳಿದರು. "ಎಷ್ಟು?"

"ಏನೆಷ್ಟು?"

"ನಾನು ಹೇಳದೆ ಬಿಟ್ಟ ಏಟು. ನಿನಗೆ ನೆನಪಿಲ್ಲದೆ ಇರಲ್ಲ."

"ನಿನ್ನೇದೂ ಸೇರಿ ಹನ್ನೊಂದು."

ಮೇಷ್ಟ್ರು ಎರಡೂ ಪಾದ ಜೋಡಿಸಿ ನೆಟ್ಟಗೆ ನಿಂತರು, ಕೋಣೆಯಲ್ಲಿ ನಿಲ್ಲುವ ಹಾಗೆ. ಕೂಗಿದರು. "ತಗುಲ್ತು!" ಒಂದು ಉಸಿರು ಬಿಟ್ಟು ಮತ್ತೆ, "ತಗುಲ್ತು!" ಎದುರು ಅಂಗಡಿಯವರು ಇಣುಕಿದರು. ಬೀದಿಯಲ್ಲಿ ಹೋಗುವವರು ನಿಂತರು. ಬಾಗಿಲಲ್ಲಿ ಕಾಗದ ಹಿಡಿದುಕೊಂಡು ಬಂದ ಪೋಸ್ಟ್‌ಮ್ಯಾನ್ ಅಲ್ಲೇ ಕಂಬವಾದ. ಮೇಷ್ಟ್ರು ಯಾರ ಕಡೆಯೂ ನೋಡಲಿಲ್ಲ. ಒಂದೊಂದು ಸಲವೂ ಪೂರ್ತಿ ದನಿ ತೆಗೆದರು, ಒಂದನ್ನೂ ಸಣ್ಣದು ಮಾಡಲಿಲ್ಲ. ಹನ್ನೊಂದನೆಯದಕ್ಕೆ ದನಿ ಗೊಗ್ಗರಾಗಿತ್ತು. ಅದು ಮುಗಿದಾಗ ಔಷಧಿ ಅಂಗಡಿಯವರು ತಡೆಯಲಾರದೆ ಹೊಟ್ಟೆ ಬಿಟ್ಟರು, ಅಳತೆಪಟ್ಟಿ ಜಾರಿ ನೆಲಕ್ಕೆ ಬಿತ್ತು.

ಸೂಜಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಅಳೋದೆಲ್ಲ ಆಮೇಲೆ ಅತ್ಕೋ" ಅಂದರು ಮೇಷ್ಟ್ರು. "ಎಂಬತ್ತೊಂಬತ್ತಕ್ಕೆ ಎಣಿಕೆ ತಡವರಿಸಿತು, ಆಮೇಲೆ ನೀನು ಹೊಡೀಲೇ ಇಲ್ಲ, ಏಟು ಬಿದ್ದದ್ದು ಆಗಲೇ. ಅಂದ್ರೆ ನೂರರೊಳಗೇ ಆಯ್ತು. ನಾಳೆ ಆರು ಗಂಟೆಗೆ ನೀನು ಮುಂದೆ ನಿಲ್ತೀಯ."

"ನೀವೆಲ್ಲಿ ನಿಲ್ತೀರಿ?"

"ಅದನ್ನ ಹೇಳೋದು ಇನ್ಮೇಲೆ ನಿನ್ನ ಕೆಲಸ ಕಣಮ್ಮಾ."

ಮರುದಿನ ಆರಕ್ಕೆ ಇಪ್ಪತ್ತು ಜನ ಸಾಲಾಗಿ ನಿಂತರು. ಸೂಜಿ ಮುಂದೆ ನಿಂತಳು. ಮೇಷ್ಟ್ರು ಕೋಲು ಹಿಡಿದು ಬಾಗಿಲ ಬಳಿ ಅಪ್ಪಣೆಗೆ ಕಾಯುತ್ತಿದ್ದರು. ಯಾರೋ ಗೋಡೆ ಪಕ್ಕಕ್ಕೆ ಅವರಿಗೊಂದು ಕುರ್ಚಿ ತಂದಿಟ್ಟಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಸೂಜಿ ಕುರ್ಚಿಯನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು.

"ಆ ಕುರ್ಚಿ ಕೆಳಗೆ ತಗೊಂಡು ಹೋಗಿ" ಅಂದಳು. "ಮೇಷ್ಟ್ರೇ, ನೀವು ನನ್ನ ಎದುರಿಗೆ ಬನ್ನಿ. ಮೊದಲ ಜೋಡಿ ನಾವು."

ಅವರು ಬಂದು ನಿಂತರು. ಅವಳು ಮೊದಲ ಏಟನ್ನೇ ಅವರ ಎಡಗೈಗೆ ಹಾಕಿದಳು. ಕೂಗು ಬರಲಿಲ್ಲ. ಎರಡನೆಯದನ್ನೂ ಅಲ್ಲಿಗೇ ಹಾಕಿದಳು, ಬರಲಿಲ್ಲ. ಪೋಸ್ಟ್‌ಮ್ಯಾನ್ ಮುಖ ಬೇರೆ ಕಡೆ ತಿರುಗಿಸಿಕೊಂಡ. ಮೂರನೆಯದಕ್ಕೆ ಮೇಷ್ಟ್ರು ಜೀವಮಾನವೆಲ್ಲ ಮಾಡಬೇಡಿ ಅಂತ ಕಲಿಸಿದ್ದನ್ನೇ ಮಾಡಿದರು. ಅವಳ ಕಣ್ಣಿಂದ ನೋಟ ಕಿತ್ತು ತಮ್ಮ ತೋಳಿನ ಕಡೆ ನೋಡಿದರು, ಕೋಲು ಬಟ್ಟೆಯ ಮೇಲೆ ಕೂತಿರುವುದನ್ನು ಕಂಡರು.

"ತಗುಲ್ತು" ಅಂದರು ಮೆಲ್ಲಗೆ, ಹೊಸದಾಗಿ ಸೇರಿದ ಶಿಷ್ಯನ ಹಾಗೆ.

"ತಡವಾಯ್ತು ಮೇಷ್ಟ್ರೇ" ಅಂದಳು ಸೂಜಿ. "ಇನ್ನೊಂದು ಸಲ."

ಎಂಬತ್ನಾಲ್ಕರ ಮೇಷ್ಟ್ರು ಕಾಲು ಸರಿಮಾಡಿಕೊಂಡು ಮತ್ತೆ ಕೋಲೆತ್ತಿದರು.